ಭಾರತದಾಗ ತಂಬಾಕು ತಗೊಳ್ಳೋರು 10.7 ಪರ್ಸೆಂಟೋ, 28.6 ಪರ್ಸೆಂಟೋ? ಬ್ಯಾರೆ ದೇಶದ ಜೋಡಿ ಹೆಂಗ ಹೋಲಿಸ್ಬೇಕ್ರಿ?

ಗದಗ_ಮಾಸ್ತರ:

ಎಲ್ಲಾರಿಗೂ ನಮಸ್ಕಾರ್ರೀ. ನಾನು ಗದಗ ಜಿಲ್ಲಾದಾಗ ಹೈಸ್ಕೂಲ್ ಮಾಸ್ತರ, ಸಮಾಜ ವಿಜ್ಞಾನ ಹೇಳ್ತೇನಿ. ತಂಬಾಕು ವಿರೋಧಿ ದಿನ ಮೇ 31ಕ್ಕ ಬರತೈತಿ, ಆವಾಗ ಸೂಟಿ ಗದ್ದಲಾ, ಹಿಂಗಾಗಿ ಸಾಲಿ ಚಾಲೂ ಆಗಿ ಹುಡುಗ್ರು ಬರೋಬ್ಬರಿ ಬರಾಕ ಹತ್ತಿದ ಮ್ಯಾಲೆ ನಾವು ಕಾರ್ಯಕ್ರಮ ಮಾಡ್ತೇವಿ. ಈ ಸಲ ಒಂದು ದೊಡ್ಡ ಚಾರ್ಟ್ ಮಾಡಿ ಗ್ವಾಡಿಗೆ ಹಚ್ಚೋಣ, ಯಾವ ದೇಶದಾಗ ಎಷ್ಟು ದೊಡ್ಡ ಮಂದಿ ತಂಬಾಕು ತಗೋತಾರ ಅನ್ನೋದು ಹುಡುಗ್ರಿಗೆ ಒಮ್ಮೆಲೆ ಕಾಣ್ಲಿ ಅಂತ ಮಾಹಿತಿ ಕೂಡ್ಸಾಕ ಕುಂತೆ.

ಕುಂತ ಮ್ಯಾಲೆ ಗೊಂದಲ ಸುರು ಆತು. ಒಂದು ಕಡೆ ಭಾರತಕ್ಕ 10.7 ಅಂತ ಐತಿ. ಇನ್ನೊಂದು ಕಡೆ 28.6. ಹಳೇ ಪೇಪರ್ ಕಟಿಂಗ್‌ನ್ಯಾಗ 34.6. ಮತ್ತೊಂದು ಸರಕಾರಿ ವರದಿ ಒಳಗ ಗಂಡಸರು 38, ಹೆಣ್ಮಕ್ಕಳು 8.9 ಅಂತ. ಎಲ್ಲಾನೂ ಸರಕಾರಿ ಸರ್ವೇನ, ಯಾವುದೂ ಯಾರೋ ಕುಂತು ಬರದದ್ದಲ್ಲ.

10.7 ಹಿಡದು ಪೆನ್ಸಿಲ್‌ಲೆ ಒಂದು ಕಚ್ಚಾ ಚಾರ್ಟ್ ಮಾಡಿದೆ, ರಷ್ಯಾ 30.9, ಚೀನಾ 26.6, ಭಾರತ 10.7 ಅಂತ. ಅದನ್ನ ನೋಡಿ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬಾಂವ ಕೇಳಿದ, ಸರ್ ಹಂಗಾದ್ರ ನಮ್ಮ ದೇಶ ಚಲೋ ಐತಲ್ರಿ, ಚೀನಾದವರಿಗಿಂತ ಅರ್ಧಾನೂ ಇಲ್ಲಲ್ರಿ ನಾವು ಅಂತ. ನನಗ ಉತ್ತರ ಕೊಡಾಕ ಆಗ್ಲಿಲ್ಲ. ಯಾಕಂದ್ರ ನಮ್ಮ ಕಾಕಾ ಹೋದ ವರ್ಷ ಬಾಯಿ ಕ್ಯಾನ್ಸರ್‌ಲೆ ತೀರಿಕೊಂಡ್ರು, ಹುಬ್ಬಳ್ಳಿಗೆ ಎಂಟು ತಿಂಗಳು ಎಡತಾಕೇವಿ, ಕಡೀಕ ಗಂಜಿ ಸೈತ ಇಳೀತಿರ್ಲಿಲ್ಲ. ಆ ಮನಿಷಾ ಜೀವನದಾಗ ಒಂದು ಬೀಡಿ ಸೇದಿದವರಲ್ಲ. ಎಲಿ ಅಡಕಿ ಸುಣ್ಣ, ಅದರ ಜೋಡಿ ಒಂದು ಚಿಟಿಕಿ ತಂಬಾಕು, ಮುಂಜಾನಿಂದ ರಾತ್ರಿ ತನಕ. ಈ 10.7 ಒಳಗ ಕಾಕಾ ಬರ್ತಾರೇನು ಇಲ್ಲೇನು ಅನ್ನೋದು ನನಗ ತಿಳೀಬೇಕು.

ಯಾವ ನಂಬರ್ ಹಾಕ್ಲಿ, ಮತ್ತ ಎರಡು ದೇಶ ಬಾಜೂಕ ಬಾಜೂ ಇಡಬೇಕಂದ್ರ ಏನೇನು ನೋಡ್ಕೋಬೇಕು, ಗೊತ್ತಿದ್ದವರು ದಯಮಾಡಿ ಹೇಳ್ರಿ.

ಹುಬ್ಬಳ್ಳಿ_ಫೀಲ್ಡ್:

ಮಾಸ್ತರ, ಕಾಕಾರ ಸುದ್ದಿ ಓದಿ ಸಂಕಟ ಆತ್ರಿ. ನಿಮ್ಮ ಪ್ರಶ್ನಿಗೆ ಉತ್ತರ, ಇಲ್ಲ, ಅವರು ಆ 10.7 ಒಳಗ ಬರಂಗಿಲ್ಲ.

10.7 ಮತ್ತ 28.6 ಎರಡೂ ಒಂದ ಸರ್ವೇದವು. ಗ್ಲೋಬಲ್ ಅಡಲ್ಟ್ ಟೊಬ್ಯಾಕೊ ಸರ್ವೇ, ಎಲ್ಲಾರೂ ಗ್ಯಾಟ್ಸ್ ಅಂತಾರ, 2016-17ರಾಗ ಮುಂಬೈದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ನಡಸಿದ್ದು, 15 ವರ್ಷ ಮತ್ತ ಮ್ಯಾಲಿನ 74,037 ಮಂದೀನ ಮನಿಗೆ ಹೋಗಿ ಮಾತಾಡ್ಸಿ ಕೇಳಿದ್ದು. ಅದರಾಗ ಸೇದವರು 10.7, ಅಂದ್ರ ಬೀಡಿ, ಸಿಗರೇಟ್, ಹುಕ್ಕಾ, ಚುಟ್ಟಾ ಎಲ್ಲಾ ಹೊಗಿ ಲೆಕ್ಕ. ಬಾಯಾಗ ಹಾಕ್ಕೊಳ್ಳೋರು, ಮೂಗಿಗೆ ಏರ್ಸೋರು, ಒಟ್ಟ ಹೊಗಿ ಇಲ್ಲದ ತಂಬಾಕಿನವರು 21.4. ಎರಡೂ ಕೂಡ್ಸಿದ್ರ 32.1 ಆಗಬೇಕಲ್ಲಾ ಅಂತೀರಿ, ಆದ್ರ ಸೇದೂದೂ ಹಾಕ್ಕೊಳ್ಳೋದೂ ಎರಡೂ ಮಾಡೋ ಮಂದಿ 3.4 ಅದಾರ, ಅವರನ್ನ ಎರಡು ಸಲ ಎಣಿಸಬಾರದು, ಅದನ್ನ ಕಳದ್ರ ಹೆಚ್ಚೂಕಮ್ಮಿ 28.6ಕ್ಕ ಬಂದು ನಿಂದರತೈತಿ. 34.6 ಅನ್ನೋದು ಅದ ಸರ್ವೇದ ಮೊದಲನೇ ಸುತ್ತು, 2009-10ರದು. 38 ಮತ್ತ 8.9 ಬ್ಯಾರೆ, ಅದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿಂದು, 2019-21.

ನಾ ಗ್ಯಾಟ್ಸ್ ಒಳಗ ಕೆಲಸ ಮಾಡಿಲ್ಲ, ಆದ್ರ ಬ್ಯಾರೆ ಒಂದು ಆರೋಗ್ಯ ಸರ್ವೇಕ್ಕ ಕುಂದಗೋಳ, ನವಲಗುಂದ, ಕಲಘಟಗಿ ಹಳ್ಳಿಗೋಳನ್ನ ಮನಿ ಮನಿ ತಿರುಗೇನಿ. ಒಂದು ಮಾತು ಹೇಳ್ತೇನಿ, ನಂಬರ್ ಹುಟ್ಟೂದು ಆ ಕಟ್ಟಿ ಮ್ಯಾಲೆ, ನಾವು ಕೇಳೂ ಒಂದು ಮಾತಿನ್ಯಾಗ. ನವಲಗುಂದ ಕಡೆ ಒಬ್ಬ ಹಿರ್ಯಾರಿಗೆ ಕೇಳಿದೆ, ಯಜಮಾನ್ರ, ನೀವು ತಂಬಾಕು ತಗೋತೀರೇನ್ರಿ ಅಂತ. ಏ ಇಲ್ಲಪಾ, ಅಂತ ಚಟಾ ಇಲ್ಲ ನಮಗ ಅಂದ್ರು. ಅನ್ನೂಮುಂದ ಬಾಯಾಗ ಐತಿ. ಎದ್ದು ಹೋಗಿ ಉಗುಳಿ ಬಂದು ಮತ್ತ ಕುಂತ್ರು. ಅವರು ಸುಳ್ಳು ಹೇಳಿಲ್ರಿ, ಅವರ ಲೆಕ್ಕದಾಗ ತಂಬಾಕು ಅಂದ್ರ ಸೇದೂದು, ಇದು ಎಲಿ ಅಡಕಿ. ಆಮ್ಯಾಲೆ ಒಂದೊಂದ ಹೆಸರು ಹಿಡದು ಕೇಳಾಕ ಹತ್ತಿದೆ, ಕಡ್ಡಿಪುಡಿ? ಜರ್ದಾ? ಎಲಿ ಜೋಡಿ ತಂಬಾಕು? ಹೂಂ ಅದನ್ನ ಹಾಕ್ಕೋತೇನಿ, ದಿನಾ ಹತ್ತು ಸಲ ಅಂದ್ರು. ಮೊದಲನೇ ಉತ್ತರಾನ ಬರಕೊಂಡು ಎದ್ದಿದ್ರ ಆ ಮನಿ ತಂಬಾಕು ಇಲ್ಲದ ಮನಿ ಆಗಿ ವರದಿಗೆ ಹೋಗತಿತ್ತು.

ಅದಕ್ಕ ಗ್ಯಾಟ್ಸ್ ಒಳಗ ತಂಬಾಕು ಸೇದೂದು ದಿನಾನೋ, ಆಗಾಗೋ, ಒಟ್ಟ ಇಲ್ಲೋ ಅಂತ ಒಂದು ಪ್ರಶ್ನಿ, ಹೊಗಿ ಇಲ್ಲದ್ದಕ್ಕ ಮತ್ತೊಂದು ಬ್ಯಾರೆನ ಪ್ರಶ್ನಿ ಇಟ್ಟಾರ, ಆಮ್ಯಾಲೆ ಖೈನಿ, ಗುಟಕಾ, ಎಲಿ ತಂಬಾಕು ಅಂತ ಒಂದೊಂದ ಬಿಡಿಸಿ ಕೇಳ್ತಾರ. ಗುಟಕಾದ್ದು ಮತ್ತೊಂದು ಕಥಿ. ನಮ್ಮ ರಾಜ್ಯದಾಗ 2013ರಾಗ ಗುಟಕಾ ಬಂದ್ ಆತು, ಆದ್ರ ಪಾನ್ ಮಸಾಲಾ ಪುಡಿಕಿ ಒಂದು, ತಂಬಾಕಿನ ಪುಡಿಕಿ ಇನ್ನೊಂದು ಅಂತ ಎರಡು ಚೀಟು ಬಾಜೂಕನ ತೂಗು ಹಾಕಿರತಾರ, ಮಂದಿ ಅಂಗೈಯಾಗ ಕೂಡ್ಸಿ ಬಾಯಿಗೆ ಹಾಕ್ಕೋತಾರ. ಗುಟಕಾ ತಿಂತೀರೇನು ಅಂದ್ರ ಇಲ್ಲ ಅಂತಾರ, ಖರೇನೂ ಹೌದು. ಪ್ರಶ್ನಿ ಮಾಡೋರಿಗೆ ಇದು ಗೊತ್ತಿರಬೇಕು.

ಇನ್ನ ಯಾರನ್ನ ಕೇಳಬೇಕು ಅನ್ನೋದು. ಮುಂಜಾನಿ ಹತ್ತಕ್ಕ ಬಾಗಲಾ ಬಡದ್ರ ಮನ್ಯಾಗ ಸಿಗೋರು ವಯಸ್ಸಾದವರು, ಸೊಸಿ ಮಂದಿ. ಗಂಡಸರು ಹೊಲಕ್ಕ, ಇಲ್ಲಾ ಕೆಲಸಕ್ಕ. ಸಿಕ್ಕವರನ್ನ ಕೇಳಿ ಮುಗಿಸಿದ್ರ ಲೆಕ್ಕ ತಪ್ಪತೈತಿ. ಗ್ಯಾಟ್ಸ್‌ದಾಗ ಮನ್ಯಾಗಿನ ಎಲ್ಲಾರ ಹೆಸರು ಹಾಕಿದ್ರ ಸರ್ವೇದವರ ಕೈಯಾಗಿನ ಮಶೀನ ಒಬ್ಬರನ್ನ ಆರಿಸಿ ಕೊಡತೈತಿ, ಆ ಒಬ್ಬರನ್ನ ಕೇಳಬೇಕು, ಅವರ ಪರವಾಗಿ ಇನ್ನೊಬ್ಬರು ಉತ್ತರ ಹೇಳಂಗಿಲ್ಲ. ನಾವೂ ಹಂಗ ಮಾಡ್ತಿದ್ವಿ, ಒಬ್ಬಾಂವಗ ಮೂರು ಸಂಜಿ ಕಾದದ್ದೂ ಐತಿ.

ಧಾರವಾಡ_ಎಣಿಕಿ:

ಫೀಲ್ಡ್ ಅವರು ಬುಡದಿಂದನ ಹೇಳ್ಯಾರ. ನಾನು ಧಾರವಾಡದಾಗ ಸ್ಟ್ಯಾಟಿಸ್ಟಿಕ್ಸ್ ಕಲಸ್ತೀನಿ, ದೇಶ ದೇಶದ ಹೋಲಿಕಿ ಬಗ್ಗೆ ನನಗ ಗೊತ್ತಿದ್ದಷ್ಟು ಬರೀತೀನಿ, ಸ್ವಲ್ಪ ಉದ್ದ ಆಗ್ತದ.

ಮಾಸ್ತರ, ನಿಮ್ಮ ಹುಡುಗ ಕೇಳಿದ್ದು ಭಾಳ ಚಲೋ ಪ್ರಶ್ನಿ. ಚೀನಾದ 26.6 ಅದ ಅಲ್ಲ, ಅದು 2018ರ ಗ್ಯಾಟ್ಸ್, ಮತ್ತ ಅದು ಸೇದವರ ಲೆಕ್ಕ ಅಷ್ಟ. ರಷ್ಯಾದ 30.9 ಕೂಡ 2016ರ ಗ್ಯಾಟ್ಸ್. ಆ ಎರಡೂ ದೇಶದಾಗ ತಂಬಾಕು ಅಂದ್ರ ಬಹುತೇಕ ಸಿಗರೇಟು, ಬಾಯಾಗ ಹಾಕ್ಕೊಳ್ಳೋದು ಭಾಳ ಕಮ್ಮಿ. ಹಿಂಗಾಗಿ ಸೇದವರನ್ನ ಎಣಿಸಿದ್ರ ಆ ದೇಶದ ಚಿತ್ರ ಹೆಚ್ಚೂಕಮ್ಮಿ ಪೂರ್ತಿ ಸಿಗ್ತದ. ನಮ್ಮಲ್ಲಿ ಸೇದವರನ್ನ ಅಷ್ಟ ಎಣಿಸಿದ್ರ ಮೂರರಾಗ ಎರಡು ಪಾಲು ಹೊರಗ ಉಳೀತದ. ಎಲ್ಲಾ ನಮೂನಿ ತಂಬಾಕು ಹಿಡದ್ರ ನಾವು 28.6, ಅಂದ್ರ ಚೀನಾದ ಸೇದವರ ಪ್ರಮಾಣಕ್ಕಿಂತ ಮ್ಯಾಲೆ. ಚಾರ್ಟ್‌ನ ಸಾಲು ತಿರುಗಿಬಿಡ್ತದ. ಬಾಂಗ್ಲಾದೇಶನೂ ನಮ್ಮಂಗ, ಅಲ್ಲಿ 2017ರಾಗ ಒಟ್ಟು 35.3, ಸೇದವರು 18.0, ಹೊಗಿ ಇಲ್ಲದ್ದು 20.6. ಹೊಗಿ ಅಷ್ಟ ನೋಡವರಿಗೆ ನಮ್ಮ ಉಪಖಂಡ ಕಾಣೂದ ಇಲ್ಲ, ಇದು ನನಗ ಬಹಳ ವರ್ಷದಿಂದ ಚುಚ್ಚೂ ವಿಷಯ.

ಗ್ಯಾಟ್ಸ್ ಹುಟ್ಟಿದ್ದ ಇದಕ್ಕ. ಅದಕ್ಕಿಂತ ಮೊದಲ ಒಂದೊಂದು ದೇಶ ಒಂದೊಂದು ನಮೂನಿ ಕೇಳ್ತಿದ್ವು. 2007ರಾಗ ವಿಶ್ವ ಆರೋಗ್ಯ ಸಂಸ್ಥೆ, ಅಮೆರಿಕಾದ ಸಿಡಿಸಿ ಅನ್ನೂ ರೋಗ ನಿಯಂತ್ರಣ ಸಂಸ್ಥೆ ಮತ್ತ ಉಳಿದವರು ಕೂಡಿ ಒಂದ ಪ್ರಶ್ನಾವಳಿ, ಒಂದ ಮಾದರಿ ಆರಿಸೂ ಪದ್ಧತಿ ಇಟ್ಟು ಸುರು ಮಾಡಿದ್ರು, 2008ರಿಂದ 2010ರ ನಡುವ ಮೊದಲ 14 ದೇಶ ಮುಗಿಸಿದ್ರು, ಭಾರತನೂ ಅದರಾಗ ಇತ್ತು. ಹಿಂಗಾಗಿ ಗ್ಯಾಟ್ಸ್ ಜೋಡಿ ಗ್ಯಾಟ್ಸ್ ಇಟ್ರ ಧೈರ್ಯದಿಂದ ಹೋಲಿಸಬಹುದು, ವರ್ಷ ಮಾತ್ರ ಬಾಜೂಕ ಬರೀರಿ.

ಗ್ಯಾಟ್ಸ್ ಬಿಟ್ಟು ಬ್ಯಾರೆ ದೇಶದ ನಂಬರ್ ಹಾಕೂದಾದ್ರ ಹುಷಾರಿ. ಅಮೆರಿಕಾದ ಸರ್ವೇದಾಗ ದೊಡ್ಡವರು ಅಂದ್ರ 18 ದಾಟಿದವರು, ನಮ್ಮದು 15. ಮ್ಯಾಲೆ ಅಲ್ಲಿ ಸಿಗರೇಟು ಸೇದವ ಅನ್ನಿಸಿಕೊಳ್ಳಲಿಕ್ಕೆ ಆ ಮನುಷ್ಯ ಜೀವನದಾಗ ಕಮ್ಮಿ ಅಂದ್ರೂ 100 ಸಿಗರೇಟು ಸೇದಿರಬೇಕು, ಮತ್ತ ಈಗನೂ ದಿನಾ ಅಥವಾ ಆಗಾಗ ಸೇದ್ತಿರಬೇಕು. ಗ್ಯಾಟ್ಸ್‌ದಾಗ ಹಂಗ 100ರ ಗೆರಿ ಇಲ್ಲ. ಯುರೋಪಿನ ಭಾಳ ಪಟ್ಟಿಗಳು ದಿನಾ ಸೇದವರನ್ನ ಮಾತ್ರ ತೋರಸ್ತಾವ, ವಾರಕ್ಕೊಮ್ಮೆ ಸೇದವರು ಅದರಾಗ ಇಲ್ಲ. ಸ್ವೀಡನ್ನಿಂದು ನೋಡ್ರಿ, ದಿನಾ ಸೇದವರು ಶೇಕಡಾ 6ರ ಆಸುಪಾಸು ಇಳದಾರ, ಜಗತ್ತೆಲ್ಲಾ ಹೊಗಳ್ತದ, ಆದ್ರ ಅಲ್ಲಿ ಸ್ನೂಸ್ ಅಂತ ತುಟಿ ಒಳಗ ಇಟ್ಟುಕೊಳ್ಳೂ ತಂಬಾಕು ಭಾಳ ನಡೀತದ, ಅದನ್ನ ಬ್ಯಾರೆ ಕಾಲಂದಾಗ ಹುಡುಕಬೇಕು.

ಇನ್ನೊಂದು, ವಯಸ್ಸು. ತಿಳೀಲಿಕ್ಕೆ ಅಂತ ಒಂದು ಕಲ್ಪನಾ ಲೆಕ್ಕ ಹೇಳ್ತೀನಿ, ಹುಡುಗ್ರಿಗೂ ಹೇಳಬಹುದು. ಎರಡು ಊರು ಅವ ಅನ್ಕೋರಿ. ಎರಡೂ ಊರಾಗ ಹರೇದವರೊಳಗ ನೂರಕ್ಕ 10 ಮಂದಿ, ವಯಸ್ಸಾದವರೊಳಗ ನೂರಕ್ಕ 40 ಮಂದಿ ತಂಬಾಕು ಹಾಕ್ಕೋತಾರ. ಚಟದಾಗ ಎರಡೂ ಊರು ಒಂದ. ಆದ್ರ ಮೊದಲನೇ ಊರಾಗ ನೂರಕ್ಕ 80 ಹರೇದವರು, ಎರಡನೇ ಊರಿನ ಹುಡುಗ್ರೆಲ್ಲಾ ದುಡೀಲಿಕ್ಕೆ ಬೆಂಗಳೂರು, ಗೋವಾ ಸೇರ್ಯಾರ, ಅಲ್ಲಿ ನೂರಕ್ಕ 80 ವಯಸ್ಸಾದವರು. ಲೆಕ್ಕ ಹಾಕಿದ್ರ ಮೊದಲನೇ ಊರಿಗೆ 16 ಬರ್ತದ, ಎರಡನೇದ್ದಕ್ಕ 34. ಊರು ಕೆಟ್ಟಿಲ್ಲ, ವಯಸ್ಸು ಬ್ಯಾರೆ ಅದ ಅಷ್ಟ. ಅದಕ್ಕ ವಿಶ್ವ ಆರೋಗ್ಯ ಸಂಸ್ಥೆಯವರು ಎಲ್ಲಾ ದೇಶಕ್ಕೂ ಒಂದ ನಮೂನಿ ವಯಸ್ಸಿನ ಹಂಚಿಕಿ ಇದ್ದಿದ್ರ ಎಷ್ಟು ಬರ್ತಿತ್ತು ಅಂತ ತೂಕ ಕಟ್ಟಿ ಹೇಳ್ತಾರ, ಅದಕ್ಕ ವಯೋ ಪ್ರಮಾಣೀಕೃತ ದರ ಅಂತಾರ. ಸುಸ್ಥಿರ ಅಭಿವೃದ್ಧಿ ಗುರಿಯೊಳಗ ತಂಬಾಕಿಗೆ ಇಟ್ಟ ಅಳತಿನೂ ಇದ, 15 ದಾಟಿದವರದು. ಅದು ಹೋಲಿಸಲಿಕ್ಕೆ ಬರೋಬ್ಬರಿ, ಆದ್ರ ನಮ್ಮ ದೇಶದಾಗ ಖರೇವಂದ್ರ ಎಷ್ಟು ಮಂದಿ ಅದಾರ ಅನ್ನೂದಕ್ಕ ಆ ದರ ಹಿಡೀಬಾರದು. ಎರಡು ನಮೂನಿ ದರ ಒಂದ ಚಾರ್ಟ್‌ನಾಗ ಕಲಸಬ್ಯಾಡ್ರಿ.

ನಿಮ್ಮ ಪೇಪರ್ ಕಟಿಂಗ್ ಬಗ್ಗೆನೂ ಒಂದು ಮಾತು. 34.6ರಿಂದ 28.6ಕ್ಕ ಇಳದದ್ದನ್ನ ಕೆಲವರು 6 ಇಳದದ ಅಂತಾರ, ಕೆಲವರು 17 ಪರ್ಸೆಂಟ್ ಇಳದದ ಅಂತಾರ. ಎರಡೂ ಖರೇನ. ನೂರಕ್ಕ 6 ಮಂದಿ ಕಮ್ಮಿ ಆದ್ರು, ಮೊದಲಿದ್ದ 34.6ರ ಲೆಕ್ಕದಾಗ ಆ 6 ಅಂದ್ರ 17 ಪರ್ಸೆಂಟ್. ಆದ್ರ ತಲಿ ಎಣಿಸಿದ್ರ ಕಮ್ಮಿ ಆದದ್ದು 81 ಲಕ್ಷ ಅಷ್ಟ, ಯಾಕಂದ್ರ ಆ ಏಳು ವರ್ಷದಾಗ ಜನಸಂಖ್ಯಾ ಬೆಳೀತು. ಇನ್ನೂ 26 ಕೋಟಿ ದಾಟಿ ಮಂದಿ ಉಳದಾರ.

ದುರ್ಗದಬೈಲ್_ಕಿರಾಣಿ:

ನನಗೊಂದು ಸಂಶಯ ಐತ್ರಿ ಸರ. ಮಂದೀನ ಕೇಳಿದ್ರ ಮಂದಿ ಮುಚ್ಚಿಡತಾರ. ಅದರ ಬದಲಿ ಕಂಪನಿ ಎಷ್ಟು ಮಾಲು ಮಾರತು, ಎಷ್ಟು ಟ್ಯಾಕ್ಸ್ ಕಟ್ಟತು ಅಂತ ತಗೊಂಡು ಮಂದಿ ಲೆಕ್ಕಕ್ಕ ಭಾಗಿಸಿದ್ರ ಖರೇ ನಂಬರ್ ಬರಂಗಿಲ್ಲೇನು? ರೊಕ್ಕದ ಲೆಕ್ಕ ಸುಳ್ಳು ಹೇಳಂಗಿಲ್ಲ ಅಂತ ನನ್ನ ಅನಸಿಕಿ.

ಧಾರವಾಡ_ಎಣಿಕಿ:

ಮಾರಾಟದ ಲೆಕ್ಕ ಉಪಯೋಗ ಅದ್ರಿ, ಒಂದ ದೇಶದಾಗ ಟ್ಯಾಕ್ಸ್ ಏರಿಸಿದ ಮ್ಯಾಲೆ ಮಾರಾಟ ಇಳೀತೋ ಇಲ್ಲೋ ನೋಡಲಿಕ್ಕೆ ಭಾಳ ಬೇಕಾಗ್ತದ. ಆದ್ರ ಎಷ್ಟು ಜನ ಅನ್ನೂದು ಅದರಿಂದ ಬರೂದಿಲ್ಲ. ಲಕ್ಸೆಂಬರ್ಗ್ ಅಂತ ಯುರೋಪಿನಾಗ ಸಣ್ಣ ದೇಶ, ಅಲ್ಲಿ ಒಬ್ಬರ ಪಾಲಿಗೆ ಬರೂ ಸಿಗರೇಟು ನೋಡಿದ್ರ ಗಾಬರಿ ಆಗ್ತದ, ಆದ್ರ ಅಲ್ಲಿ ರೇಟು ಕಮ್ಮಿ ಅಂತ ಸುತ್ತಲಿನ ದೇಶದವರು ಗಡಿ ದಾಟಿ ಬಂದು ಒಯ್ಯತಾರ. ನಮ್ಮ ಕಡೆ ಮತ್ತೂ ಕಠಿಣ. 2016-17ರ ಗ್ಯಾಟ್ಸ್ ಪ್ರಕಾರ ಸಿಗರೇಟು ಸೇದವರು 4.0, ಬೀಡಿ ಸೇದವರು 7.7. ಬೀಡಿ ಮನಿ ಮನಿಯಾಗ ಕಟ್ಟತಾರ, ಎಲ್ಲಾ ಟ್ಯಾಕ್ಸಿಗೆ ಬರೂದಿಲ್ಲ. ಸಂತ್ಯಾಗ ತೂಕಾ ಹಾಕಿ ಮಾರೂ ಎಲಿ ತಂಬಾಕಿಗೆ ಬಿಲ್ ಎಲ್ಲಿಂದ ತರೂದು? ಮತ್ತ ಹತ್ತು ಮಂದಿ ಒಂದೊಂದು ಸೇದಿದ್ರೂ ಹತ್ತ, ಒಬ್ಬಾಂವ ಹತ್ತು ಸೇದಿದ್ರೂ ಹತ್ತ.

ದುರ್ಗದಬೈಲ್_ಕಿರಾಣಿ:

ತಿಳೀತ್ರಿ. ಸಂತಿ ತಂಬಾಕಿನ ಮಾತು ಖರೇ, ನಿಪ್ಪಾಣಿ ಕಡೆ ಮಾಲು ನಮ್ಮ ತಂದಿಯವರ ಕಾಲದಾಗ ಚೀಲಗಟ್ಟಲೆ ಬರ್ತಿತ್ತು, ಚೀಟಿ ಮ್ಯಾಲೆ ವ್ಯವಹಾರ. ನಾ ಅಂಗಡ್ಯಾಗ ತಂಬಾಕಿನ ಮಾಲು ಇಡೋದು ಬಿಟ್ಟು ನಾಕು ವರ್ಷ ಆತು.

ಹಾವೇರಿ_ಸಿಸ್ಟರ್:

ಎಲ್ಲಾರೂ ಗಂಡಸರದ ಮಾತಾಡಾಕ ಹತ್ತೀರಿ, ಹೆಣ್ಮಕ್ಕಳ ಬಗ್ಗೆ ನಾ ಹೇಳ್ತೇನಿ. ಹಾವೇರಿ ಜಿಲ್ಲಾದಾಗ ಆರೋಗ್ಯ ಉಪಕೇಂದ್ರದಾಗ ಕೆಲಸ ಮಾಡಾಕ ಹತ್ತಿ ಹದಿನಾರು ವರ್ಷ ಆತು.

ಫೀಲ್ಡ್ ಅಣ್ಣಾರು ಹೇಳಿದ ಸರ್ವೇದಾಗ ದೇಶದ ಹೆಣ್ಮಕ್ಕಳೊಳಗ ಸೇದವರು 2.0, ಹೊಗಿ ಇಲ್ಲದ್ದು ಉಪಯೋಗಿಸೋರು 12.8 ಅಂತ ಐತಿ. ಆರು ಪಟ್ಟು. ಸೇದೂದು ಅಷ್ಟ ನೋಡಿದ್ರ ಹೆಣ್ಮಕ್ಕಳಿಗೆ ಈ ತ್ರಾಸ ಇಲ್ಲ ಅಂತ ಅಧಿಕಾರಿಗಳು ಫೈಲ್ ಮುಚ್ಚತಾರ. ನಮ್ಮ ಕಡೆ ಮುದುಕ್ಯಾರು ಮುಂಜಾನೆದ್ದು ತಂಬಾಕು ಹುರದು ಪುಡಿ ಮಾಡಿದ ಮಿಶ್ರಿಲೆ ಹಲ್ಲು ತಿಕ್ಕತಾರ, ಅರ್ಧಾ ತಾಸು ಬಾಯಾಗ ಇಟ್ಟುಕೊಂಡು ಕುಂದರತಾರ. ಅಮ್ಮಾ ತಂಬಾಕು ಹಾಕ್ಕೋತೀಯೇನು ಅಂದ್ರ ಇಲ್ಲವಾ, ಹಲ್ಲು ತಿಕ್ಕತೇನಿ ಅಂತಾರ. ಮೂಗಿಗೆ ತಪಕೀರು ಏರ್ಸೋರನ್ನ ಕೇಳಿದ್ರ ತಲಿ ನೋವಿಗೆ ಅಂತಾರ. ಔಷಧ ಅಂತ ತಿಳಕೊಂಡದ್ದನ್ನ ಚಟ ಅಂತ ಯಾರು ಬರಸ್ತಾರ್ರಿ?

ಮತ್ತ ಅತ್ತಿ ಮುಂದ ಸೊಸಿ ಬಾಯಿ ಬಿಡಂಗಿಲ್ಲ. ಒಬ್ಬಾಕಿ ಬಸುರಿ ಹೆಣ್ಮಗಳು ಮೂರು ತಿಂಗಳು ಚೆಕಪ್‌ಗೆ ಬಂದ್ಲು, ಪ್ರತಿ ಸಲ ಇಲ್ಲ ಅಂದ್ಲು, ನಾಕನೇ ಸಲ ಒಬ್ಬಾಕಿನ ಬಂದಾಗ ಸಿಸ್ಟರ್ ನಾ ತವರ್ಮನ್ಯಾಗಿಂದ ಎಲಿ ತಂಬಾಕು ಕಲತೇನಿ, ಬಿಡಾಕ ಆಗವಲ್ದು ಅಂತ ಅತ್ತಳು. ಬಸುರ್ಯಾಗ ಇದನ್ನ ಹಾಕ್ಕೊಂಡ್ರ ಕೂಸಿನ ತೂಕ ಕಮ್ಮಿ ಬೀಳತೈತಿ. ಆಕಿ ಬಿಟ್ಟಳು, ಎರಡೂವರಿ ಕೇಜಿ ಮ್ಯಾಲೆ ಕೂಸು ಹುಟ್ಟಿತು. ಆದ್ರ ಆಕಿಯ ಕಾರ್ಡ್‌ನ್ಯಾಗ ಮೊದಲ ಮೂರು ತಿಂಗಳು ನಾನ ಇಲ್ಲ ಅಂತ ಬರದೇನಿ.

ಇದಕ್ಕ ರಕ್ತಾ ಅಥವಾ ಮೂತ್ರ ತಪಾಸಣಿ ಮಾಡಿ ಎಣಿಸೋ ಪದ್ಧತಿ ಇಲ್ಲೇನ್ರಿ ಸರ?

ಧಾರವಾಡ_ಎಣಿಕಿ:

ಅದ್ರಿ ತಂಗಿ. ನಿಕೋಟಿನ್ ಮೈಯೊಳಗ ಹೋದ ಮ್ಯಾಲೆ ಕೋಟಿನಿನ್ ಅನ್ನೂ ಪದಾರ್ಥ ಆಗ್ತದ, ರಕ್ತ, ಉಗುಳು, ಮೂತ್ರದಾಗ ಕೆಲವು ದಿನ ಸಿಗ್ತದ. ದಕ್ಷಿಣ ಕೊರಿಯಾದಾಗ ಹಿಂಗ ನೋಡಿದಾಗ ಸೇದ್ತೀನಿ ಅಂತ ಬಾಯಿಬಿಟ್ಟು ಹೇಳಿದ ಹೆಣ್ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಹೆಣ್ಮಕ್ಕಳಲ್ಲಿ ಅದು ಸಿಕ್ತು, ಗಂಡಸರೊಳಗ ಅಷ್ಟು ಫರಕ್ ಬರಲಿಲ್ಲ. ಸಮಾಜಕ್ಕ ಅಂಜಿ ಮುಚ್ಚಿಡೂದು ಅಂದ್ರ ಇದ. ಆದ್ರ ಆ ತಪಾಸಣಿಯಿಂದ ಸೇದಿದ್ದೋ ಬಾಯಾಗ ಹಾಕ್ಕೊಂಡದ್ದೋ ಅನ್ನೂದು ತಿಳಿಯೂದಿಲ್ಲ, ಬಿಡಲಿಕ್ಕೆ ಅಂತ ನಿಕೋಟಿನ್ ಗಮ್ ಅಗಿಯವರಿಗೂ ಬರ್ತದ, ಹದಿನೈದು ದಿನಕ್ಕೊಮ್ಮೆ ಸೇದವ ತಪ್ಪಿಸಿಕೊಳ್ತಾನ. ಖರ್ಚೂ ಭಾಳ. ಹಿಂಗಾಗಿ ಕೇಳೂದ ಮುಖ್ಯ ದಾರಿ ಆಗಿ ಉಳದದ, ನೀವು ಮಾಡಿದಂಗ ಒಬ್ಬಾಕಿನ ಕೂಡ್ಸಿ ಕೇಳೂದು.

ಗದಗ_ಮಾಸ್ತರ:

ಎರಡು ಸಲ ಓದಿದೆ ಎಲ್ಲಾರದೂ. ಕಾಕಾ 10.7 ಒಳಗ ಇಲ್ಲ, 21.4 ಒಳಗ ಅದಾರ. ಯಾವುದೋ ಒಂದು ಕಾಲಂದಾಗರ ಅವರನ್ನ ಯಾರೋ ಎಣಿಸ್ಯಾರ ಅನ್ನೋದು ನನಗ ದೊಡ್ಡದ ಅನಸ್ತು, ಯಾಕ ಅಂತ ಹೇಳಾಕ ಬರವಲ್ದು.

ಚಾರ್ಟ್ ಹೊಸದಾಗಿ ಮಾಡ್ತೇನಿ. ಗ್ಯಾಟ್ಸ್ ದೇಶ ಅಷ್ಟ, 15 ದಾಟಿದವರು, ಭಾರತ ಮತ್ತ ಬಾಂಗ್ಲಾಕ್ಕ ಸೇದೂದು ಒಂದು ಪಟ್ಟಿ, ಹೊಗಿ ಇಲ್ಲದ್ದು ಇನ್ನೊಂದು ಬಣ್ಣದ ಪಟ್ಟಿ, ಒಟ್ಟು ಬ್ಯಾರೆ, ವರ್ಷ ಕೆಳಗ. ಆ ಹುಡುಗಗ ಬಣ್ಣ ತುಂಬೋ ಕೆಲಸ ಹಚ್ಚೇನಿ. ಕರ್ನಾಟಕದ್ದು, ಮತ್ತ ನಮ್ಮ ಜಿಲ್ಲಾದ್ದು ಹಾಕಬಹುದೇನ್ರಿ?

ಹುಬ್ಬಳ್ಳಿ_ಫೀಲ್ಡ್:

ಕರ್ನಾಟಕ ಅದ ಗ್ಯಾಟ್ಸ್‌ದಾಗ ಒಟ್ಟು 22.8, ಸೇದವರು 8.8, ಹೊಗಿ ಇಲ್ಲದ್ದು 16.3. ಜಿಲ್ಲಾದ್ದು ಗ್ಯಾಟ್ಸ್ ಕೊಡಂಗಿಲ್ಲ, ಅಷ್ಟು ಕೆಳಗ ಇಳಿಯಾಕ ಅವರು ಕೇಳಿದ ಮಂದಿ ಸಾಲಂಗಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ್ಯಾಗ ಗದಗ, ಹಾವೇರಿ, ಧಾರವಾಡ ಒಂದೊಂದಕ್ಕೂ ಫ್ಯಾಕ್ಟ್ ಶೀಟ್ ಐತಿ, ಕಡೀ ಭಾಗದಾಗ ಗಂಡಸರದು ಹೆಣ್ಮಕ್ಕಳದು ಬ್ಯಾರೆ ಬ್ಯಾರೆ ಸಿಗತೈತಿ. ಅದು ಬ್ಯಾರೆ ಸರ್ವೇ, ಬ್ಯಾರೆ ಹಾಳಿ ಮ್ಯಾಲೆ ಹಚ್ಚರಿ. ಹುಡುಗ್ರಿಗೆ ಇನ್ನೊಂದು ತೋರಸ್ರಿ, 15ರಿಂದ 17 ವರ್ಷದವರೊಳಗ ಗ್ಯಾಟ್ಸ್‌ನ ಮೊದಲ ಸುತ್ತಿನ್ಯಾಗ 10 ಪರ್ಸೆಂಟ್ ಇದ್ದದ್ದು ಎರಡನೇ ಸುತ್ತಿಗೆ 4ಕ್ಕ ಇಳದೈತಿ. ಅವರ ವಯಸ್ಸಿನವರದ ಲೆಕ್ಕ ಅದು.

ಹಾವೇರಿ_ಸಿಸ್ಟರ್:

ಮಾಸ್ತರ್, ಚಾರ್ಟ್ ಕೆಳಗ 1800-11-2356 ದೊಡ್ಡ ಅಕ್ಷರದಾಗ ಬರಸ್ರಿ, ತಂಬಾಕು ಬಿಡೋರಿಗೆ ಫುಕಟ್ ಸಲಹಾ ಕೊಡೋ ನಂಬರ್. ಕಾರ್ಯಕ್ರಮಕ್ಕ ಪಾಲಕರನ್ನೂ ಕರೀರಿ, 30 ದಾಟಿದವರ ಬಾಯಿ ತಪಾಸಣಿ ನಿಮ್ಮೂರ ಆರೋಗ್ಯ ಕೇಂದ್ರದಾಗ ಮಾಡ್ತಾರ, ಅಲ್ಲಿನ ಸಿಸ್ಟರ್‌ಗೆ ಒಂದು ವಾರ ಮೊದಲ ಹೇಳ್ರಿ, ಟಾರ್ಚ್ ತಗೊಂಡು ಸಾಲಿಗೇ ಬರ್ತಾರ.

ಗದಗ_ಮಾಸ್ತರ:

ನಾಳೆ ಮುಂಜಾನೆ ಹೋಗಿ ಹೇಳ್ತೇನಿ. ನಮ್ಮ ಚಿಗವ್ವನ್ನೂ ಕರಕೊಂಡು ಬರ್ತೇನಿ, ಆಕಿ ಮಿಶ್ರಿ ತಿಕ್ಕತಾಳ.